ಅಲ್ಟ್ರಾಸೌಂಡ್‌ಗೆ ಕಂಡ ಕಲ್ಲು ಸಿಟಿಗೆ ಯಾಕೆ ಕಾಣಲಿಲ್ಲ?

ಪ್ರಶ್ನೆ: ನಮ್ಮ ತಾಯಿಗೆ 61 ವರ್ಷ. ಶುಗರ್ ಇದೆ. 5 ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೇವೆ. ಹದಿನೈದು ದಿನದ ಹಿಂದೆ ರಾತ್ರಿ ಊಟ ಆದ ಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು ಶುರುವಾಗಿ ಬೆನ್ನಿಗೂ ಹರಡಿತು. ಆಸ್ಪತ್ರೆಯಲ್ಲಿ ಮೊದಲು ಎಕ್ಸ್‌ರೇ ತೆಗೆದರು. ಆಮೇಲೆ ಅಲ್ಟ್ರಾಸೌಂಡ್ ಮಾಡಿ, ಪಿತ್ತಕೋಶದಲ್ಲಿ ಕಲ್ಲುಗಳಿವೆ, ಪಿತ್ತನಾಳ 9 ಮಿ.ಮೀ. ಅಗಲವಾಗಿದೆ ಎಂದರು. ಮೂರು ದಿನದ ನಂತರ ಸಿಟಿ ಸ್ಕ್ಯಾನ್ ಆಯಿತು. ಅದರಲ್ಲಿ ಮೇದೋಜೀರಕ ಗ್ರಂಥಿ (ಪ್ಯಾಂಕ್ರಿಯಾಸ್) ಸ್ವಲ್ಪ ಊದಿದೆ ಎಂದಿದೆ, ಕಲ್ಲಿನ ಮಾತೇ ಇಲ್ಲ. ಈಗ ಸರ್ಜನ್ ಎಂಆರ್‌ಐ ಯಂತ್ರದಲ್ಲೇ ಮಾಡುವ ಎಂಆರ್‌ಸಿಪಿ ಎಂಬ ಇನ್ನೊಂದು ಸ್ಕ್ಯಾನ್ ಬರೆದಿದ್ದಾರೆ. ಯಾವ ರಿಪೋರ್ಟ್ ಸರಿ? ಮೊದಲೇ ಎಲ್ಲಕ್ಕಿಂತ ದೊಡ್ಡ ಸ್ಕ್ಯಾನ್ ಒಂದನ್ನೇ ಮಾಡಿಸಿದ್ದರೆ ಖರ್ಚು ಉಳಿಯುತ್ತಿತ್ತಲ್ವಾ? ಇಷ್ಟು ರೇಡಿಯೇಷನ್ ಆದ ಮೇಲೆ ಅಮ್ಮ ಮನೆಯಲ್ಲಿರುವ ಎಂಟು ತಿಂಗಳ ಮೊಮ್ಮಗಳನ್ನು ಎತ್ತಿಕೊಳ್ಳಬಹುದಾ? ಸ್ಟೆಂಟ್ ಇದ್ದವರು ಎಂಆರ್‌ಐ ಒಳಗೆ ಹೋಗಬಹುದಾ?

ಉತ್ತರ: ಮೊದಲು ಮೊಮ್ಮಗಳ ವಿಷಯ ಮುಗಿಸುತ್ತೇನೆ. ನಿಮ್ಮ ತಾಯಿ ಈ ಹದಿನೈದು ದಿನ ಮಗುವನ್ನು ಎತ್ತಿಕೊಳ್ಳದೆ ದೂರ ಕೂತಿದ್ದರೆ ಆ ಸಂಕಟವೇ ದೊಡ್ಡದು. ಇವತ್ತೇ ಎತ್ತಿಕೊಳ್ಳಲಿ. ಎಕ್ಸ್‌ರೇ ಆಗಲಿ, ಸಿಟಿ ಆಗಲಿ, ಸ್ವಿಚ್ ಆರಿಸಿದ ಕ್ಷಣಕ್ಕೆ ಕಿರಣ ನಿಂತುಹೋಗುತ್ತದೆ. ಟಾರ್ಚ್ ಆರಿಸಿದ ಮೇಲೆ ಗೋಡೆಯಲ್ಲಿ ಬೆಳಕು ಉಳಿಯುತ್ತದಾ? ಹಾಗೆಯೇ ಮೈಯಲ್ಲೂ ಏನೂ ಉಳಿಯುವುದಿಲ್ಲ. ಅಲ್ಟ್ರಾಸೌಂಡ್ ಮತ್ತು ಎಂಆರ್‌ಐಯಲ್ಲಂತೂ ಎಕ್ಸ್‌ರೇ ಕಿರಣವೇ ಇಲ್ಲ.

ಇನ್ನು ರಿಪೋರ್ಟ್‌ಗಳ ಮಾತು. ನೀವು ಬರೆದದ್ದನ್ನು ನೋಡಿದರೆ ಎರಡೂ ಸರಿ ಇರಬಹುದು. ಒಂದು ಯಂತ್ರಕ್ಕೆ ಕಲ್ಲು ಕಂಡಿತು, ಇನ್ನೊಂದಕ್ಕೆ ಕಾಣಲಿಲ್ಲ, ಅಷ್ಟೇ. ಸ್ಕ್ಯಾನ್‌ಗಳಲ್ಲಿ ಸಣ್ಣದು ದೊಡ್ಡದು ಅಂತ ಇಲ್ಲ ಎಂದು ದಿನಕ್ಕೆ ಹತ್ತು ಜನಕ್ಕಾದರೂ ಹೇಳುತ್ತೇನೆ. ಸಿಟಿಗೆ ಬೆಲೆ ಜಾಸ್ತಿ, ಯಂತ್ರ ದೊಡ್ಡದು. ಹಾಗಾಗಿ ಅದಕ್ಕೆ ಎಲ್ಲಾ ಕಾಣಬೇಕು ಎಂದು ಜನ ಅಂದುಕೊಳ್ಳುತ್ತಾರೆ. ಆದರೆ ಪಿತ್ತಕೋಶದ ಕಲ್ಲು ಹುಡುಕಲು ಇವತ್ತಿಗೂ ಮೊದಲ ಆಯ್ಕೆ ಅಗ್ಗದ ಹೊಟ್ಟೆ ಸ್ಕ್ಯಾನಿಂಗೇ, ಅಂದರೆ ಅಲ್ಟ್ರಾಸೌಂಡೇ.

ಯಾಕೆ ಅಂತ ಹೇಳುತ್ತೇನೆ. ಸಿಟಿ ಎಂದರೂ ಎಕ್ಸ್‌ರೇಯೇ. ಎಕ್ಸ್‌ರೇ ಕಿರಣವನ್ನು 1895ರ ನವೆಂಬರ್‌ನಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ರಾಂಟ್‌ಜನ್ ಕಂಡುಹಿಡಿದರು. ಮುಂದಿನ ತಿಂಗಳೇ ತಮ್ಮ ಹೆಂಡತಿಯ ಕೈಯ ಚಿತ್ರ ತೆಗೆದರು. ಮೂಳೆಗಳು ಮತ್ತು ಉಂಗುರ ಸ್ಪಷ್ಟವಾಗಿ ಕಂಡವು, ಮಾಂಸ ಬರೀ ಮಬ್ಬು ನೆರಳು. ಎಕ್ಸ್‌ರೇಯ ಶಕ್ತಿ, ಮಿತಿ ಎರಡೂ ಆ ಒಂದು ಚಿತ್ರದಲ್ಲೇ ಇವೆ. ಗಟ್ಟಿ ವಸ್ತು ಕಿರಣವನ್ನು ತಡೆಯುತ್ತದೆ, ಗಾಳಿ ಬಿಟ್ಟುಕೊಡುತ್ತದೆ. ನಡುವೆ ಇರುವ ಲಿವರ್, ರಕ್ತ, ಪಿತ್ತರಸ, ಮಾಂಸ ಇವೆಲ್ಲ ಒಂದೇ ಬಣ್ಣದ ಮೋಡದ ಹಾಗೆ ಕಾಣುತ್ತವೆ.

ಸಿಟಿ ಅದೇ ಕಿರಣವನ್ನು ಮೈ ಸುತ್ತ ತಿರುಗಿಸುತ್ತದೆ. ಎಲ್ಲಾ ದಿಕ್ಕಿನಿಂದ ಬಂದ ಲೆಕ್ಕವನ್ನು ಕಂಪ್ಯೂಟರ್ ಕೂಡಿಸಿ, ಬ್ರೆಡ್ ಸ್ಲೈಸ್ ತರಹ ಪದರ ಪದರವಾಗಿ ಚಿತ್ರ ಕೊಡುತ್ತದೆ. ಇದನ್ನು ಮಾಡಿದವರು ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್. ಅವರು ಕೆಲಸ ಮಾಡುತ್ತಿದ್ದ ಇಎಂಐ ಕಂಪನಿಯನ್ನು ನಮ್ಮ ಹಿರಿಯರು ಹಾಡಿನ ರೆಕಾರ್ಡ್‌ಗಳಿಂದ ಬಲ್ಲರು. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಯ ಮಿದುಳಿನ ಸಿಟಿ ತೆಗೆದರು. ಚಿತ್ರದ ಪ್ರತಿ ಚುಕ್ಕೆಗೂ ಒಂದು ಅಂಕಿ ಕೊಡುವ ಪದ್ಧತಿ ಅವರ ಹೆಸರಲ್ಲೇ ಇದೆ. ನೀರಿಗೆ 0, ಗಾಳಿಗೆ ಮೈನಸ್ 1000, ಕೊಬ್ಬಿಗೆ ಸುಮಾರು ಮೈನಸ್ 100, ಗಟ್ಟಿ ಮೂಳೆಗೆ ನೂರಾರು, ಒಮ್ಮೊಮ್ಮೆ ಸಾವಿರಕ್ಕೂ ಮೇಲೆ.

ಈಗ ನಿಮ್ಮ ತಾಯಿಯ ಕಲ್ಲಿಗೆ ಬನ್ನಿ. ಪಿತ್ತರಸದ ಅಂಕಿ ನೀರಿಗೆ ತೀರಾ ಹತ್ತಿರ, 0ರಿಂದ 20ರ ಒಳಗೆ. ಪಿತ್ತಕೋಶದ ಕಲ್ಲುಗಳಲ್ಲಿ ಕೊಲೆಸ್ಟ್ರಾಲ್ ಸೇರಿ ಆದವು ಬಹಳ. ಅವುಗಳಲ್ಲಿ ಕೆಲವು ಕಲ್ಲುಗಳ ಅಂಕಿ ಪಿತ್ತರಸದ ಅಂಕಿಗೆ ಸರಿಸಮ ಆಗಿಬಿಡುತ್ತದೆ. ಹಾಲಿನಲ್ಲಿ ಬಿದ್ದ ಬಿಳಿ ಮುತ್ತಿನ ಹಾಗೆ. ಮುತ್ತು ಇದೆ, ಕಣ್ಣಿಗೆ ಕಾಣುವುದಿಲ್ಲ. ಸುಣ್ಣದ ಅಂಶ ಸೇರಿದ ಕಲ್ಲಾದರೆ ಸಿಟಿಯಲ್ಲಿ ಬೆಳ್ಳಗೆ ಹೊಳೆಯುತ್ತದೆ. ಮೂತ್ರಪಿಂಡದ ಕಲ್ಲು ಹೆಚ್ಚಾಗಿ ಹಾಗೆ ಹೊಳೆಯುವ ಜಾತಿ. ಆದ್ದರಿಂದ ಕಿಡ್ನಿ ಸ್ಟೋನ್ ಹುಡುಕಲು ಸಿಟಿಗೆ ಸಮ ಬೇರೆ ಇಲ್ಲ. ಅದೇ ಹೊಟ್ಟೆ, ಅದೇ ಕಲ್ಲು ಎಂಬ ಪದ, ಆದರೆ ಅಲ್ಲಿ ಗೆಲ್ಲುವ ಯಂತ್ರ ಇಲ್ಲಿ ಸೋಲುತ್ತದೆ.

ಅಲ್ಟ್ರಾಸೌಂಡ್ ದಾರಿಯೇ ಬೇರೆ. ಅದು ನಮ್ಮ ಕಿವಿಗೆ ಕೇಳದ ಶಬ್ದವನ್ನು ಒಳಗೆ ಕಳಿಸಿ ಪ್ರತಿಧ್ವನಿ ಕೇಳಿಸಿಕೊಳ್ಳುತ್ತದೆ. ಬಾವಿಗೆ ಬಾಗಿ ಕೂಗಿದರೆ ಸದ್ದು ತಿರುಗಿ ಬರುತ್ತದಲ್ಲ, ಹಾಗೆ. ಸ್ಕಾಟ್‌ಲೆಂಡಿನ ಗ್ಲಾಸ್ಗೊದಲ್ಲಿ ಇಯಾನ್ ಡೊನಾಲ್ಡ್ ಎಂಬ ಹೆರಿಗೆ ವೈದ್ಯರು ಕಾರ್ಖಾನೆಯ ಲೋಹದಲ್ಲಿ ಬಿರುಕು ಹುಡುಕುವ ಯಂತ್ರವನ್ನು ಹೊಟ್ಟೆಯ ಗಡ್ಡೆ ನೋಡಲು ಬಳಸಿ, 1958ರಲ್ಲಿ ಅದರ ಬಗ್ಗೆ ಬರೆದರು. ಶಬ್ದಕ್ಕೆ ಕಲ್ಲು ಕೊಲೆಸ್ಟ್ರಾಲಿನದೋ ಸುಣ್ಣದ್ದೋ ಎಂಬ ಚಿಂತೆ ಇಲ್ಲ. ಗಟ್ಟಿಯಾಗಿದ್ದರೆ ಸಾಕು, ಸದ್ದು ಬಡಿದು ವಾಪಸ್ ಬರುತ್ತದೆ.

ನಿಮ್ಮ ತಾಯಿಯನ್ನು ಆ ಕತ್ತಲೆ ಕೋಣೆಯಲ್ಲಿ ಮಲಗಿಸಿದಾಗ ಏನಾಗಿರುತ್ತದೆ ಎಂದು ಹೇಳುತ್ತೇನೆ. ಬಲ ಪಕ್ಕೆಲುಬಿನ ಕೆಳಗೆ ತಣ್ಣನೆಯ ಜೆಲ್ ಹಚ್ಚುತ್ತೇವೆ. ಆ ಜೆಲ್ ಔಷಧಿಯಲ್ಲ. ಚರ್ಮಕ್ಕೂ ಯಂತ್ರದ ಮುಖಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ಇದ್ದರೂ ಶಬ್ದ ಒಳಗೆ ಹೋಗದು, ಆ ಗಾಳಿ ತೆಗೆಯುವುದಕ್ಕೆ ಅದು. ಉಸಿರು ಎಳೆದು ಹಿಡಿಯಿರಿ ಅಂದ ತಕ್ಷಣ ಲಿವರ್ ಕೆಳಗಿಳಿಯುತ್ತದೆ, ಅದರ ಅಡಿಯಲ್ಲಿ ಪಿತ್ತಕೋಶ ಕಪ್ಪು ಬದನೆಕಾಯಿಯ ಹಾಗೆ ಕಾಣುತ್ತದೆ. ದ್ರವ ತುಂಬಿರುವುದರಿಂದ ಅದು ಕಪ್ಪು. ಅದರೊಳಗೆ ಬಿಳಿ ಚುಕ್ಕೆಯೊಂದು, ಅದರ ಹಿಂದೆ ನೆಟ್ಟಗೆ ಇಳಿದ ಕಪ್ಪು ನೆರಳು. ಆ ನೆರಳನ್ನು ಕಂಡರೆ ಅರ್ಧ ಕೆಲಸ ಆಯಿತು. ಆಮೇಲೆ ಎಡಕ್ಕೆ ಹೊರಳಿ ಮಲಗಿ ಅನ್ನುತ್ತೇವೆ. ಬಿಳಿ ಚುಕ್ಕೆ ಗೋಲಿಯ ಹಾಗೆ ಉರುಳಿ ಇನ್ನೊಂದು ಮಗ್ಗುಲಿಗೆ ಹೋದರೆ ಅದು ಕಲ್ಲು. ಗೋಡೆಗೆ ಅಂಟಿಕೊಂಡು ಅಲ್ಲೇ ಇದ್ದರೆ ಬೇರೆ ಏನೋ ಇರಬಹುದು. ಹೊರಳಿಸಿ ನೋಡುವ ಈ ಸೌಲಭ್ಯ ಸಿಟಿಯಲ್ಲಿ ಸಿಗುವುದಿಲ್ಲ.

ಖಾಲಿ ಹೊಟ್ಟೆಯಲ್ಲಿ ಬನ್ನಿ ಎನ್ನುವುದೂ ಇದಕ್ಕೇ. ಜಿಡ್ಡು ಹೊಟ್ಟೆಗೆ ಬಿದ್ದ ಕೂಡಲೇ ಪಿತ್ತಕೋಶ ಹಿಂಡಿಕೊಂಡು ರಸ ಹೊರಹಾಕುತ್ತದೆ. 'ಏನೂ ತಿಂದಿಲ್ಲ ಡಾಕ್ಟ್ರೇ, ಒಂದು ಲೋಟ ಕಾಫಿ ಅಷ್ಟೇ' ಅನ್ನುತ್ತಾರೆ. ಆ ಕಾಫಿಯ ಹಾಲೇ ಸಾಕು, ಬದನೆಕಾಯಿ ಮುದುಡಿ ಒಣ ಮೆಣಸಿನಕಾಯಿ ಆಗಿರುತ್ತದೆ. ಒಳಗಿನ ಸಣ್ಣ ಕಲ್ಲು ಆಗ ತಪ್ಪಿಹೋಗಬಹುದು.

ಹಾಗಾದರೆ ಉಳಿದ ಸ್ಕ್ಯಾನ್ ಯಾಕೆ ಬೇಕಿತ್ತು? ಒಂದೊಂದಾಗಿ ನೋಡೋಣ. ಹೊಟ್ಟೆಯ ಮೇಲ್ಭಾಗದಲ್ಲಿ ದಿಢೀರ್ ನೋವು ಬಂದವರಿಗೆ ನಿಲ್ಲಿಸಿ ಎಕ್ಸ್‌ರೇ ತೆಗೆಯುವುದು ಹೊಟ್ಟೆ ಅಥವಾ ಕರುಳು ತೂತಾಗಿದೆಯಾ ಎಂದು ನೋಡಲು. ತೂತಾಗಿದ್ದರೆ ಗಾಳಿ ಸೋರಿ ಮೇಲೆ ಬಂದು ಎದೆ ಹೊಟ್ಟೆಗಳ ನಡುವಿನ ವಪೆಯ ಕೆಳಗೆ ಕಪ್ಪು ಬಾಗು ಗೆರೆಯಾಗಿ ನಿಲ್ಲುತ್ತದೆ. ಅದು ಕಂಡರೆ ಆ ರಾತ್ರಿಯೇ ಆಪರೇಷನ್. ಎರಡು ನಿಮಿಷದ ಎಕ್ಸ್‌ರೇ ನಿಮ್ಮ ತಾಯಿಗೆ ಅಂಥದ್ದೇನೂ ಇಲ್ಲ ಎಂದು ಹೇಳಿತು. ಆ ದುಡ್ಡು ದಂಡವಾಗಲಿಲ್ಲ.

ಸಿಟಿ ಮಾಡಿದ್ದು ಕಲ್ಲಿಗಾಗಿ ಅಲ್ಲ, ಮೇದೋಜೀರಕ ಗ್ರಂಥಿಗಾಗಿ. ನೋವು ಬೆನ್ನಿಗೆ ಹರಡಿತು ಎಂದು ಬರೆದಿದ್ದೀರಿ. ಪಿತ್ತಕೋಶದಿಂದ ಜಾರಿದ ಸಣ್ಣ ಕಲ್ಲು, ಪಿತ್ತರಸವನ್ನು ಕರುಳಿಗೆ ಒಯ್ಯುವ ಪಿತ್ತನಾಳದ ತುದಿಯಲ್ಲಿ ಸಿಕ್ಕಿಕೊಂಡರೆ ಪಕ್ಕದ ಈ ಗ್ರಂಥಿ ಊದಿಕೊಳ್ಳುತ್ತದೆ. ಗ್ರಂಥಿ ಇರುವುದು ಹೊಟ್ಟೆಯ ಹಿಂಭಾಗದಲ್ಲಿ, ಮುಂದೆ ಗಾಳಿ ತುಂಬಿದ ಕರುಳು. ಅಲ್ಟ್ರಾಸೌಂಡ್‌ಗೆ ಗಾಳಿ ಎಂದರೆ ಗೋಡೆ. ಸಿಟಿಗೆ ಗಾಳಿ ಅಡ್ಡಿಯೇ ಅಲ್ಲ. ಮೂರು ದಿನ ಬಿಟ್ಟು ಮಾಡಿದ್ದೂ ಒಳ್ಳೆಯದೇ ಆಯಿತು. ಮೊದಲ ದಿನವೇ ತೆಗೆದರೆ ಊತದ ನಿಜವಾದ ಹರವು ಚಿತ್ರದಲ್ಲಿ ಪೂರ್ತಿ ಕಾಣದೇ ಇರಬಹುದು. ಸಿಟಿ ವೇಳೆ ಕೈಗೆ ಡೈ ಇಂಜೆಕ್ಷನ್ ಕೊಟ್ಟಿರುತ್ತಾರೆ. ಅಯೋಡಿನ್ ಇರುವ ಔಷಧಿ ಅದು. ಮೈಯೆಲ್ಲ ಬಿಸಿಯಾಗಿ, ಬಟ್ಟೆಯಲ್ಲೇ ಮೂತ್ರ ಹೋಯಿತೇನೋ ಅನ್ನಿಸುತ್ತದೆ. ತಾಯಿ ಅದಕ್ಕೆ ಗಾಬರಿಯಾಗಿದ್ದರೆ, ಅದು ಬಹಳ ಜನರಿಗೆ ಆಗುವ ಅನುಭವ ಎಂದು ಹೇಳಿ. ಶುಗರ್ ಇರುವವರಿಗೆ ಈ ಇಂಜೆಕ್ಷನ್‌ಗೆ ಮೊದಲು ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗಿದೆ ಎಂದು ಹೇಳುವ ರಕ್ತಪರೀಕ್ಷೆ, ನೋಡುವುದು ಮುಖ್ಯ. ಕಿಡ್ನಿ ಸರಿ ಇಲ್ಲದಿದ್ದರೆ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಯನ್ನು ಸ್ವಲ್ಪ ದಿನ ನಿಲ್ಲಿಸಬೇಕಾಗಬಹುದು, ಅದನ್ನು ನಿಮ್ಮ ವೈದ್ಯರೇ ಹೇಳಬೇಕು.

ಈಗ ಎಂಆರ್‌ಸಿಪಿ. ಅಲ್ಟ್ರಾಸೌಂಡ್ ರಿಪೋರ್ಟ್‌ನಲ್ಲಿ ಪಿತ್ತನಾಳ 9 ಮಿ.ಮೀ. ಎಂದಿದೆಯಲ್ಲ, ಸರ್ಜನ್ ಕಣ್ಣು ಬಿದ್ದಿರುವುದು ಅಲ್ಲಿ. ಸಾಮಾನ್ಯವಾಗಿ ಅದು 6 ಮಿ.ಮೀ. ಆಸುಪಾಸು ಇರಬೇಕು, ವಯಸ್ಸಾದಂತೆ ಸ್ವಲ್ಪ ಹಿಗ್ಗುತ್ತದೆ. 9 ಅಂದರೆ ಕೆಳಗೆ ಎಲ್ಲೋ ಕಲ್ಲು ಅಡ್ಡ ನಿಂತಿರಬಹುದು. ಆ ಕೆಳತುದಿ ಕರುಳಿನ ಗಾಳಿಯ ಮರೆಯಲ್ಲಿದೆ, ಅಲ್ಟ್ರಾಸೌಂಡ್ ಅಲ್ಲಿಗೆ ಮುಟ್ಟುವುದು ಕಷ್ಟ. ಸಿಟಿಗೆ ಈ ಜಾತಿಯ ಕಲ್ಲೇ ಕಾಣುತ್ತಿಲ್ಲ. ಹಾಗಾಗಿ ಮೂರನೆಯ ದಾರಿ ಬೇಕು.

ಎಂಆರ್‌ಐ ನಮ್ಮ ಮೈಯ ನೀರನ್ನೇ ಮಾತಾಡಿಸುತ್ತದೆ. ದೊಡ್ಡ ಅಯಸ್ಕಾಂತದೊಳಗೆ ಮಲಗಿಸಿ ರೇಡಿಯೊ ಅಲೆ ಕಳಿಸಿದರೆ ನೀರಿನ ಹೈಡ್ರೋಜನ್ ತಿರುಗಿ ಸಂಕೇತ ಕೊಡುತ್ತದೆ. ಅದರಿಂದ ಚಿತ್ರ ಕಟ್ಟುವುದನ್ನು ತೋರಿಸಿಕೊಟ್ಟ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್‌ಗೆ 2003ರಲ್ಲಿ ನೊಬೆಲ್ ಬಂತು. ಎಂಆರ್‌ಸಿಪಿ ಎಂದರೆ ಅದೇ ಯಂತ್ರವನ್ನು ನಿಂತ ದ್ರವ ಮಾತ್ರ ಬೆಳ್ಳಗೆ ಕಾಣುವಂತೆ ಹೊಂದಿಸುವುದು. ಲಿವರ್, ಕೊಬ್ಬು, ರಕ್ತ ಎಲ್ಲ ಕಪ್ಪಾಗಿ ಹಿಂದೆ ಸರಿಯುತ್ತವೆ. ಪಿತ್ತನಾಳಗಳು ಎಲೆ ಉದುರಿದ ಮರದ ಕೊಂಬೆಗಳ ಹಾಗೆ ಬೆಳ್ಳಗೆ ನಿಲ್ಲುತ್ತವೆ. ಆ ಬಿಳಿ ಕೊಂಬೆಯೊಳಗೆ ಕಲ್ಲು ಒಂದು ಕಪ್ಪು ಚುಕ್ಕೆ. ಡೈ ಬೇಡ, ಚುಚ್ಚುವುದು ಬೇಡ, ಪಿತ್ತರಸವೇ ಅಲ್ಲಿ ಬಣ್ಣ. ಇಪ್ಪತ್ತು ವರ್ಷದ ಮೇಲಾಯಿತು ಈ ಚಿತ್ರ ನೋಡುತ್ತಾ, ಇವತ್ತಿಗೂ ಚೆನ್ನಾಗಿ ಬಂದ ಒಂದನ್ನು ಕಂಡರೆ ಒಂದು ಕ್ಷಣ ಕೈ ನಿಲ್ಲುತ್ತದೆ.

ಕೆಲವು ಕಡೆ ಎಂಆರ್‌ಸಿಪಿಗೆ ಮೊದಲು ಒಂದು ಲೋಟ ಅನಾನಸ್ ರಸ ಕುಡಿಸುತ್ತಾರೆ. ಸುಮ್ನೆ ಉಪಚಾರಕ್ಕಲ್ಲ. ಅನಾನಸ್‌ನಲ್ಲಿರುವ ಮ್ಯಾಂಗನೀಸ್ ಹೊಟ್ಟೆಯ ದ್ರವವನ್ನು ಚಿತ್ರದಲ್ಲಿ ಕಪ್ಪಾಗಿಸುತ್ತದೆ, ಆಗ ಹಿಂದಿನ ನಾಳ ಸ್ಪಷ್ಟವಾಗುತ್ತದೆ. ಕೊಟ್ಟರೆ, ತಾಯಿಗೆ ಶುಗರ್ ಇದೆ ಎಂದು ಮೊದಲೇ ಹೇಳಿ.

ಹಾಗಾದರೆ ಮೊದಲ ದಿನವೇ ಎಂಆರ್‌ಐ ಮಾಡಿಸಿದ್ದರೆ? ನೋವಿನಲ್ಲಿ ಒದ್ದಾಡುವವರನ್ನು ಇಕ್ಕಟ್ಟಿನ ಕೊಳವೆಯಲ್ಲಿ ಅರ್ಧ ಗಂಟೆ ಅಲುಗಾಡದೆ ಮಲಗಿಸುವುದು ಆಗದ ಮಾತು. ಅಲುಗಾಡಿದರೆ ಚಿತ್ರ ಕದಡುತ್ತದೆ. ಪಿತ್ತನಾಳ ಅಗಲವಾಗಿದೆ ಎಂದು ಅಲ್ಟ್ರಾಸೌಂಡ್ ಹೇಳದಿದ್ದರೆ ಎಂಆರ್‌ಸಿಪಿ ಬೇಕು ಎಂದೇ ಗೊತ್ತಾಗುತ್ತಿರಲಿಲ್ಲ. ಒಂದರ ಉತ್ತರ ಇನ್ನೊಂದರ ಪ್ರಶ್ನೆ ಆಗುತ್ತದೆ. ಬೇರೆ ಕಾಯಿಲೆಗಳಲ್ಲೂ ಹೀಗೆಯೇ. ಲಕ್ವ ಹೊಡೆದವರಿಗೆ ಮೊದಲು ಸಿಟಿಯೇ ಮಾಡುವುದು ಹೆಚ್ಚು, ಏಕೆಂದರೆ ಮಿದುಳಲ್ಲಿ ರಕ್ತ ಸೋರಿದ್ದರೆ ಕೆಲವೇ ಸೆಕೆಂಡಿನಲ್ಲಿ ಬೆಳ್ಳಗೆ ಕಾಣುತ್ತದೆ. ಸೋರಿಲ್ಲ, ಗಂಟು ಕಟ್ಟಿದೆ ಎಂದಾದರೆ ಅದನ್ನು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ ಸಮಯ. ಮಂಡಿಯ ಲಿಗಮೆಂಟ್ ಹರಿದಿದ್ದರೆ ಎಂಆರ್‌ಐ. ಮೂಳೆ ಮುರಿದಿದ್ದರೆ ಹಳೇ ಎಕ್ಸ್‌ರೇ ಸಾಕು. ಸ್ತನದ ಗಂಟಿಗೆ ಮ್ಯಾಮೊಗ್ರಾಮ್ ಎಂಬ ಸ್ತನದ ಎಕ್ಸ್‌ರೇ, ಜೊತೆಗೆ ಅಲ್ಟ್ರಾಸೌಂಡ್. ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆ ಎಂದು ನೋಡಲು ಪೆಟ್ ಸ್ಕ್ಯಾನ್. ನೀವು ಕೇಳಿದ ಮಗುವಿನ ಪ್ರಶ್ನೆಗೆ ಉತ್ತರ ಬೇರೆಯಾಗುವುದು ಇದೊಂದರಲ್ಲಿ. ಪೆಟ್‌ನಲ್ಲಿ ಕಿರಣ ಸೂಸುವ ಸಕ್ಕರೆಯನ್ನು ರಕ್ತಕ್ಕೆ ಕೊಡುತ್ತಾರೆ. ಅದರ ಶಕ್ತಿ 110 ನಿಮಿಷಕ್ಕೊಮ್ಮೆ ಅರ್ಧ ಆಗುತ್ತಾ ಇಳಿಯುತ್ತದೆ. ಆ ದಿನ ಕೆಲವು ಗಂಟೆ ಕೂಸುಗಳಿಂದ, ಬಸುರಿಯರಿಂದ ದೂರ ಇರಬೇಕು.

ಜಾಸ್ತಿ ನೋಡಿದರೆ ಒಳ್ಳೆಯದು ಎಂಬ ನಂಬಿಕೆಯೂ ಸರಿಯಲ್ಲ. ಸೊಂಟ ನೋವು ಶುರುವಾಗಿ ವಾರ ಆಗಿರುವುದಿಲ್ಲ, ಎಂಆರ್‌ಐ ಬರೆದುಕೊಡಿ ಎಂದು ವೈದ್ಯರನ್ನು ಒತ್ತಾಯಿಸಿ ಬರೆಸಿಕೊಂಡು ಬರುತ್ತಾರೆ. ನೋವೇ ಇಲ್ಲದವರ ಬೆನ್ನಿನ ಸ್ಕ್ಯಾನ್‌ಗಳನ್ನು ಒಟ್ಟು ಮಾಡಿ ನೋಡಿದ 2015ರ ಅಧ್ಯಯನವೊಂದರಲ್ಲಿ, 20 ವರ್ಷದವರಲ್ಲಿ ನೂರಕ್ಕೆ 30 ಮಂದಿಗೆ, 50 ವರ್ಷದವರಲ್ಲಿ ನೂರಕ್ಕೆ 60 ಮಂದಿಗೆ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿತ್ತು. ಕೂದಲು ನೆರೆತ ಹಾಗೆ ಅದು. ಆದರೆ 'ಡಿಸ್ಕ್ ಬಲ್ಜ್' ಎಂಬ ಪದ ರಿಪೋರ್ಟ್‌ನಲ್ಲಿ ಕಂಡ ಮೇಲೆ ಆ ಮನುಷ್ಯ ಬಗ್ಗಲು ಹೆದರುತ್ತಾನೆ, ನೋವು ಇನ್ನೂ ಜಾಸ್ತಿ ಆಗುತ್ತದೆ. ಕಾಲಿಗೆ ಬಲ ಇಲ್ಲದಿರುವುದು, ಮೂತ್ರ ಕಟ್ಟುವುದು, ಜ್ವರ, ಹಿಂದೆ ಕ್ಯಾನ್ಸರ್ ಇದ್ದದ್ದು, ಇಂಥವಿದ್ದರೆ ಮಾತು ಬೇರೆ. ಆಗ ಒಂದು ದಿನವೂ ಕಾಯಬಾರದು.

ರೇಡಿಯೇಷನ್ ಲೆಕ್ಕ ಕೇಳಿದ್ದೀರಿ. ಮಣ್ಣು, ಗಾಳಿ, ಆಕಾಶ, ಊಟದಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಮೈಗೆ ತಗಲುವ ಕಿರಣದ ಅಳತೆ) ಸಿಗುತ್ತದೆ. ಎದೆಯ ಒಂದು ಎಕ್ಸ್‌ರೇ 0.1 ಅಥವಾ ಅದಕ್ಕೂ ಕಡಿಮೆ. ಹೊಟ್ಟೆಯ ಸಿಟಿ ಸುಮಾರು 8. ಅಂದರೆ ಮೂರು ಮೂರೂವರೆ ವರ್ಷದ ಪಾಲು ಒಂದೇ ಸಲ ಬಂದ ಹಾಗೆ. 61 ವರ್ಷದವರಿಗೆ, ಅದೂ ಬೇಕಾದ ಕಾರಣಕ್ಕೆ ಮಾಡಿದ ಒಂದು ಸಿಟಿಯ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ಕೇರಳದ ಕರುನಾಗಪಳ್ಳಿ ಕರಾವಳಿಯ ಮರಳಿನಲ್ಲಿ ತಾನಾಗಿಯೇ ಕಿರಣ ಸೂಸುವ ಥೋರಿಯಂ ಇದೆ. ಅಲ್ಲಿನವರು ನಮಗಿಂತ ಎಷ್ಟೋ ಪಟ್ಟು ಜಾಸ್ತಿ ಕಿರಣದ ನಡುವೆ ಬದುಕುತ್ತಾರೆ. ಅವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ ಕ್ಯಾನ್ಸರ್ ಹೆಚ್ಚಾದದ್ದು ಕಂಡುಬರಲಿಲ್ಲ. ಮಕ್ಕಳ ವಿಷಯದಲ್ಲಿ ಮತ್ತು ಬಸುರಿಯರ ವಿಷಯದಲ್ಲಿ ಮಾತ್ರ ನಾವು ತುಂಬಾ ಬಿಗಿಯಾಗಿರುತ್ತೇವೆ. ಬೆಳೆಯುವ ಮೈಗೆ ಕಿರಣದ ಪೆಟ್ಟು ಜಾಸ್ತಿ.

ಸ್ಟೆಂಟ್ ಬಗ್ಗೆ ಹೆದರಬೇಡಿ. ಹೃದಯದ ಸ್ಟೆಂಟ್ ಇದ್ದವರಿಗೆ ಎಂಆರ್‌ಐ ಮಾಡಬಹುದು, ದಿನವೂ ಮಾಡುತ್ತೇವೆ. ಡಿಸ್ಚಾರ್ಜ್ ಸಮರಿ ಮತ್ತು ಸ್ಟೆಂಟ್ ಕಾರ್ಡ್ ತೋರಿಸಿ. ಪೇಸ್‌ಮೇಕರ್, ಕಿವಿಯೊಳಗಿನ ಇಂಪ್ಲಾಂಟ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್ ಇದ್ದರೆ ಪರಿಶೀಲಿಸದೆ ಒಳಗೆ ಬಿಡುವುದಿಲ್ಲ. ಸಾಮಾನ್ಯ ಯಂತ್ರದ ಅಯಸ್ಕಾಂತದ ಬಲ 1.5 ಟೆಸ್ಲಾ, ಭೂಮಿಯದ್ದಕ್ಕಿಂತ ಸುಮಾರು 30,000 ಪಟ್ಟು. ಸ್ಕ್ಯಾನ್ ನಡೆಯದಾಗಲೂ ಅದು ಎಳೆಯುತ್ತಲೇ ಇರುತ್ತದೆ. 2018ರಲ್ಲಿ ಮುಂಬೈಯಲ್ಲಿ ರೋಗಿಯ ಜೊತೆ ಬಂದ ಯುವಕನೊಬ್ಬ ಆಮ್ಲಜನಕದ ಸಿಲಿಂಡರ್ ಹಿಡಿದು ಒಳಗೆ ಹೋಗಿ ಪ್ರಾಣ ಕಳೆದುಕೊಂಡ. ಅದನ್ನು ನೆನೆದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಆದ್ದರಿಂದ ಬಾಗಿಲಲ್ಲಿ ತಾಳಿ, ಬಳೆ, ಹೇರ್‌ಪಿನ್, ಮೊಬೈಲ್ ತೆಗೆಸಿದರೆ ಬೇಸರ ಮಾಡಿಕೊಳ್ಳಬೇಡಿ. ತಾಳಿ ಬಿಚ್ಚಲು ತಾಯಿ ಹಿಂಜರಿದರೆ, ಅಷ್ಟು ಹೊತ್ತು ಅರಿಶಿನ ಕೊಂಬು ಕಟ್ಟಿದ ದಾರ ಹಾಕಿಕೊಳ್ಳಲಿ. ಎಷ್ಟೋ ತಾಯಂದಿರು ಹಾಗೆ ಮಾಡುತ್ತಾರೆ. ಒಳಗೆ ಢಣಢಣ ಸದ್ದು ಜೋರಾಗಿರುತ್ತದೆ, ಕಿವಿಗೆ ಹತ್ತಿ ಅಥವಾ ಹೆಡ್‌ಫೋನ್ ಕೊಡುತ್ತಾರೆ. ಕೈಗೆ ಕೊಟ್ಟ ರಬ್ಬರ್ ಚೆಂಡನ್ನು ಒತ್ತಿದರೆ ಕೂಡಲೇ ಹೊರಗೆ ತೆಗೆಯುತ್ತಾರೆ ಎಂದು ಮೊದಲೇ ಹೇಳಿಡಿ.

ಇನ್ನೊಂದು ಮಾತು. ನಮಗೆ ಬರುವ ಚೀಟಿಯಲ್ಲಿ ಎಷ್ಟೋ ಸಲ 'ಹೊಟ್ಟೆ ನೋವು' ಎಂಬ ಎರಡೇ ಪದ ಇರುತ್ತದೆ. ವರ್ಷಗಳ ಹಿಂದೆ ಒಬ್ಬ ಹೆಂಗಸಿನ ಪಿತ್ತಕೋಶವನ್ನು ನಾನು ಹತ್ತು ನಿಮಿಷ ಹುಡುಕಿದೆ. ಮುದುಡಿದೆ ಎಂದು ಬರೆದು, ಖಾಲಿ ಹೊಟ್ಟೆಯಲ್ಲಿ ಮತ್ತೆ ಬನ್ನಿ ಎಂದು ಕಳಿಸಿದೆ. ಎರಡನೆಯ ಸಲ ಬಂದಾಗ ಅವರ ಮಗಳು ಹೇಳಿದಳು, ಎಂಟು ವರ್ಷದ ಹಿಂದೆಯೇ ಅದನ್ನು ತೆಗೆಸಿದ್ದಾರೆ ಎಂದು. ಹೊಕ್ಕುಳ ಹತ್ತಿರದ ಸಣ್ಣ ಗಾಯದ ಗುರುತನ್ನು ನಾನು ನೋಡಿರಲಿಲ್ಲ, ಕೇಳಿಯೂ ಇರಲಿಲ್ಲ. ಒಂದು ದಿನದ ಕೂಲಿ ಬಿಟ್ಟು ಎರಡು ಸಲ ಬಸ್ಸಿನಲ್ಲಿ ಬಂದವರು ಅವರು. ಅವತ್ತಿನಿಂದ ಜೆಲ್ ಹಚ್ಚುವ ಮೊದಲು ಹಳೇ ಆಪರೇಷನ್ ಬಗ್ಗೆ ಕೇಳದೆ ನಾನು ಯಂತ್ರ ಮುಟ್ಟಿಲ್ಲ. ನೀವೂ ಕೇಳುವವರೆಗೆ ಕಾಯಬೇಡಿ. ಎಂಆರ್‌ಸಿಪಿ ದಿನ ಅಲ್ಟ್ರಾಸೌಂಡ್ ರಿಪೋರ್ಟ್, ಸಿಟಿ ಫಿಲಂ ಜೊತೆ ಅದರ ಸಿಡಿ, ರಕ್ತದ ರಿಪೋರ್ಟ್, ಸ್ಟೆಂಟ್ ಕಾಗದ ಎಲ್ಲ ಒಂದೇ ಚೀಲದಲ್ಲಿ ಒಯ್ಯಿರಿ. ನಾಲ್ಕರಿಂದ ಆರು ಗಂಟೆ ಖಾಲಿ ಹೊಟ್ಟೆ ಬೇಕಾಗುತ್ತದೆ, ಶುಗರ್ ಮಾತ್ರೆ ಯಾವಾಗ ಎಂದು ವೈದ್ಯರನ್ನು ಕೇಳಿ. ಬೆಳಗಿನ ಮೊದಲ ಸರದಿ ಕೇಳಿ ಪಡೆಯಿರಿ.

ರಿಪೋರ್ಟ್ ಬಂದಾಗ ಪಿತ್ತನಾಳದಲ್ಲಿ ಕಲ್ಲು ಇದೆಯಾ ಇಲ್ಲವಾ ಎಂಬ ಸಾಲು ನೋಡಿ. ಇದ್ದರೆ ಸಾಮಾನ್ಯವಾಗಿ ಮೊದಲು ಬಾಯಿಯ ಮೂಲಕ ಎಂಡೋಸ್ಕೋಪಿಯ ಕ್ಯಾಮೆರಾ ಕೊಳವೆ ಇಳಿಸಿ ಅದನ್ನು ತೆಗೆಯುತ್ತಾರೆ, ಆಮೇಲೆ ಪಿತ್ತಕೋಶದ ಆಪರೇಷನ್. ಇಲ್ಲದಿದ್ದರೆ ಕಲ್ಲು ತಾನೇ ಜಾರಿ ಹೋಗಿರಬಹುದು, ನೇರವಾಗಿ ಪಿತ್ತಕೋಶ ತೆಗೆಯುವ ಮಾತು ಬರುತ್ತದೆ. ಸ್ಕ್ಯಾನ್ ದಿನಕ್ಕೆ ಮೊದಲೇ ತಾಯಿಯ ಕಣ್ಣು ಹಳದಿ ಆದರೆ, ನಡುಗಿಸುವ ಚಳಿ ಜ್ವರ ಬಂದರೆ, ಅಥವಾ ಅದೇ ನೋವು ಮತ್ತೆ ಬಂದರೆ ದಿನಾಂಕಕ್ಕೆ ಕಾಯಬೇಡಿ. ಆ ಚೀಲ ಎತ್ತಿಕೊಂಡು ಅದೇ ಹೊತ್ತಿಗೆ ಆಸ್ಪತ್ರೆಗೆ ಹೊರಡಿ, ರಾತ್ರಿ ಎರಡು ಗಂಟೆಯಾದರೂ ಸರಿ.